ಯಾರೂ ಹೇಳದೆ ನಿಂತ ನೀರು

ಬನವಾಸಿ
9 ಫೆಬ್ರುವರಿ 2025, ರವಿವಾರ

ನನ್ನ ಮಗಳು ಗಂಗಾಂಬಿಕಾಗೆ ಅವ್ವನ ಆಶೀರ್ವಾದ.

ಮೊನ್ನೆ ಫೋನಿನಲ್ಲಿ ನೀನು, ನನ್ನ ಗಂಡನೂರು ಕಿರವತ್ತಿಗೂ ಗಿರೀಶನಂಥವ ಒಬ್ಬ ಬೇಕಿತ್ತವ್ವ ಅಂದೆ. ಆಗಲೇ ಬೈಯುತ್ತಿದ್ದೆ. ಆದರೆ ನಮ್ಮ ಪಡಸಾಲೆಯಲ್ಲಿ ಈಗ ಯಾವಾಗಲೂ ನಿನ್ನ ತಮ್ಮ ಗಿರೀಶನಿಗೆ ಕಾಯುವ ಜನ, ಬಾಯಿ ಬಿಡುವ ಹಾಗಿಲ್ಲ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ. ನಗಬೇಡ, ಸುಮ್ಮನೆ ಓದು.

ಹೊಳೆ ನೀರಿನ ಸಂಘದ ಸಭೆ ಹೇಗಿರುತ್ತಿತ್ತು ನಿನಗೆ ಗೊತ್ತು. ಗುಡಿ ಕಟ್ಟೆಯ ಮೇಲೆ ಬೈದಾಟ, ಅರ್ಧಕ್ಕೆ ಎದ್ದು ಹೋಗುವುದು. ಹೋದ ಬೇಸಿಗೆ ಹೊಳೆಯಿಂದ ಹೊಲಕ್ಕೆ ನೀರೆತ್ತುವ ಮೋಟರು ಸುಟ್ಟಾಗ, ರಿಪೇರಿ ಮಾಡಿಸಿದರೆ ಇನ್ನೊಂದು ಪಾರ್ಟಿಗೆ ಹೆಸರು ಬರುತ್ತದೆ ಅಂತ ಎರಡೂ ಪಾರ್ಟಿಯವರು ಕೈಕಟ್ಟಿ ಕೂತರು. ಗೋವಿನಜೋಳ ನಿಂತಲ್ಲೇ ಒಣಗಿತು. ಆಗ ಗಿರೀಶ ಮೋಟರು ಹೇರಿಕೊಂಡು ಶಿರಸಿಗೆ ಹೋದ. ಮರುದಿನ ನೀರು ಬಂತು. ನನ್ನ ಮಗ ಅಂತ ಎದೆ ಉಬ್ಬಿತು, ಸುಳ್ಳೇಕೆ ಹೇಳಲಿ.

"ನೀರು ತರೂದು ನನಗ ಬಿಡ್ರಿ, ಒಂದು ವರ್ಷ ಸಭಾ ಬ್ಯಾಡ" ಅಂದ. ಊರೆಲ್ಲ ಚಪ್ಪಾಳೆ. ಆಗ ಅಧ್ಯಕ್ಷನಾಗಿದ್ದ ದ್ಯಾಮಪ್ಪ, "ನಮ್ಮ ಹುಡುಗ, ನಮ್ಮ ಮಾತು ಮೀರಾಂಗಿಲ್ಲ ತಗೋರಿ" ಅಂತ ಪಂಪಿನ ಮನೆಯ ಕೀಲಿ ತಾನೇ ಕೊಟ್ಟ. ಈಗ ಗಿರೀಶ ಬಂದರೆ ಆ ಮುದುಕ ಎದ್ದು ನಿಲ್ಲುತ್ತಾನೆ. ಮೇಲಿನ ಊರವರು ಉಸುಕಿನ ಚೀಲ ಒಟ್ಟಿ ಹೊಳೆ ಕಟ್ಟುತ್ತಿದ್ದಾರೆ, ಅವರನ್ನು ತಡೆಯಲು ತಾನೇ ಬೇಕು ಅಂತ ಗಿರೀಶ ಹೇಳಿದ. ಹೋಗಿ ನೋಡಿದವರು ಒಬ್ಬರೂ ಇಲ್ಲ, ನಂಬದವರೂ ಇಲ್ಲ.

ಹೋದ ವಾರ ಕೆಳಗಿನ ಹೊಲದ ಹೊನ್ನಿ ಎಲ್ಲರೆದುರು, "ವರ್ಷ ಆಗಾಕ ಬಂತಲ್ಲೋ ತಮ್ಮಾ, ಸಭಾ ಯಾವಾಗ?" ಅಂದಳು. ಗಿರೀಶ, "ಮಾಡೂಣು ತಗೋ ಚಿಗವ್ವಾ" ಅಂದ. ಅಷ್ಟೇ. ಮರುದಿನದಿಂದ ಅವಳ ಹೊಲಕ್ಕೆ ನೀರಿಲ್ಲ. ನಾನು ಸಿಟ್ಟು ನೆತ್ತಿಗೇರಿ ನೀರು ಬಿಡುವ ಸೋಮನನ್ನು ಹಿಡಿದು, "ಯಾರು ಹೇಳಿದ್ರೋ ನಿನಗ, ಮಂಗ್ಯಾ?" ಅಂದೆ.

"ಯಾರೂ ಹೇಳಿಲ್ರಿ ಅವ್ವಾರ. ಗಿರೀಶಣ್ಣಾರಿಗೆ ಸಿಟ್ಟು ಬಂದಿರತೈತಿ ಅಂತ ನಾನ ವಾಲ್ವ್ ಬಂದ್ ಮಾಡೀನಿ."

ಕೇಳಿದೆಯಾ ಗಂಗಾ? ಜನ್ಮವಿಡೀ ಕಿರುಚಿದರೂ ಮನೆಯ ಎಮ್ಮೆ ಸಹ ನನ್ನ ಮಾತು ಕೇಳಲಿಲ್ಲ. ಗಿರೀಶ ಬಾಯಿ ತೆರೆಯದೆ ನೀರು ನಿಲ್ಲಿಸಿದ. ನಾನು ಹೆತ್ತ ಹುಡುಗನಾ ಇವನು?

ಮನೆಗೆ ಬಂದು ಕೇಳಿದೆ. "ನಾ ಎಲ್ಲಿ ಹೇಳೇನಿ ಅವ್ವಾ?" ಅಂದ. ಅವನಿಗೂ ಗೊತ್ತಿರಲಿಲ್ಲ, ಅದು ನಿಜ. ಬೆರಗಾದ. ಆಮೇಲೆ ಮೆಲ್ಲಗೆ ನಕ್ಕ. ಆ ನಗು ನಾನು ಎಂದೂ ಕಂಡಿರಲಿಲ್ಲ. ನೀರು ಬಿಡು ಅಂತ ಸೋಮನಿಗೆ ಇವತ್ತಿನವರೆಗೂ ಹೇಳಿಲ್ಲ. ಊರವರು, ವಾಲ್ವ್ ಕೆಟ್ಟಿರಬೇಕು ಅನ್ನುತ್ತಾರೆ. ಹೊನ್ನಿಯ ಬದುವಿಗೆ ಹತ್ತಿದ ಹೊಲದವರೂ ಹಾಗೇ ಅನ್ನುತ್ತಾರೆ.

ಶಿವರಾತ್ರಿ ಮುಗಿದ ಮೇಲಿನ ಶುಕ್ರವಾರ ಕಡೆಯ ಸಭೆಯಂತೆ. ಇನ್ನು ಸಭೆಯೇ ಬೇಡ, ಗಿರೀಶ ಇರುವ ತನಕ ಅವನೇ ಯಜಮಾನ ಅಂತ ಕೈ ಎತ್ತಿಸುತ್ತಾರೆ. ಹೊನ್ನಿ ಒಬ್ಬಳೇ ಬೇಡ ಅನ್ನುವವಳು. ನಿನ್ನ ಪಾಲಿನ ಹೊಲ ಇಲ್ಲಿದೆ, ನೀನೂ ಸಂಘದ ಸದಸ್ಯೆ. ಬಂದು ನನ್ನ ಪಕ್ಕ ಕೂತು ಬೇಡ ಅಂತ ಕೈ ಎತ್ತು. ಗೆಲ್ಲುವುದಿಲ್ಲ, ಅಷ್ಟು ತಿಳಿಯದ ದಡ್ಡಿಯಲ್ಲ ನಾನು. ಆದರೆ ಬೇಡ ಅನ್ನುವ ಮಾತು ಅವನಿಗೆ ಅವನ ಮನೆಯವರ ಬಾಯಿಂದ ಕೇಳಿಸಲಿ. ತಮ್ಮನಲ್ಲವಾ ಅಂತ ಹಿಂಜರಿಯಬೇಡ. ತಮ್ಮ ಅಂತಲೇ ಬಾ.

ಬೈದರೂ ನಿನ್ನನ್ನೇ ನೆನೆಯುವ ಅವ್ವ,
ನೀಲಗಂಗವ್ವ

ತಾ.ಕ.: ಇದನ್ನು ಬರೆಯುವಾಗ ಗಿರೀಶ ಬಾಗಿಲಲ್ಲಿ ನಿಂತು, "ಏನು ಬರಿಯಾಕತ್ತೀ ಅವ್ವಾ?" ಅಂದ. ಅಕ್ಕನಿಗೆ ಶೇಂಗಾ ಹೋಳಿಗೆ ಮಾಡುವ ಬಗೆ ಬರೆಯುತ್ತಿದ್ದೇನೆ ಅಂದುಬಿಟ್ಟೆ. ಅವನು ಕಣ್ಣು ಸಹ ದೊಡ್ಡದು ಮಾಡಿರಲಿಲ್ಲ. ನೀನು ಗುರುವಾರವೇ ಬಾ. ಒಬ್ಬಳೇ ಕೂತರೆ ನನ್ನ ಕೈ ಯಾವುದಕ್ಕೆ ಏಳುತ್ತದೋ, ನನಗೇ ನಂಬಿಕೆಯಿಲ್ಲ.