ಅಪ್ಪನ ಲೆನ್ಸಿನಲ್ಲಿ ಕಂಡ ನಡುಕ

ಅಕ್ಟೋಬರ್ ೧೧, ಭಾನುವಾರ

ಪ್ರೀತಿಯ ಅಕ್ಕ,

ನಾವೆಲ್ಲ ಕ್ಷೇಮ. ನೀನು, ಭಾವ, ಮಕ್ಕಳು ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಿನ್ನ ಪತ್ರ ಬಂದು ತಿಂಗಳಾಯಿತು. ಈ ಸಲ ಟೈಪ್ ಮಾಡಿ ಕಳಿಸಿದ್ದೀಯ. ಡಾಕ್ಟರಮ್ಮನ ಕೋಳಿಕಾಲಿನ ಅಕ್ಷರ ಬಿಡಿಸಿ ಓದುವ ಕಷ್ಟ ತಪ್ಪಿತು ಎಂದು ಅಮ್ಮ ನಕ್ಕಳು. ಉತ್ತರ ಬರೆಯಲಿಲ್ಲವೆಂದು ಬೈಯಬೇಡ. ಪೆನ್ನು ಹಿಡಿಯಲು ಹೆದರಿಕೆಯಾಗಿತ್ತು. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ಪೆನ್ನು ಹಿಡಿಯಲು ಹೆದರಿದ್ದೆ. ಫೋನಿನಲ್ಲಿ ಹೇಳೋಣವೆಂದರೆ ನೀನು ನನಗೆ ಒಂದು ವಾಕ್ಯವನ್ನೂ ಮುಗಿಸಲು ಬಿಡುವುದಿಲ್ಲ. ಹಲ್ಲಿನ ಡಾಕ್ಟರಲ್ಲವೇ, ಎದುರಿಗಿರುವವರು ಬಾಯಿ ತೆರೆದೂ ಮಾತಾಡದೆ ಇರುವುದೇ ನಿನಗೆ ಅಭ್ಯಾಸ.

ಅಪ್ಪನ ಹಳೆಯ ಲೆನ್ಸ್‌ಗಳನ್ನು ನಾನು ಸ್ಟುಡಿಯೋದಲ್ಲಿ ಬಳಸುತ್ತಿರುವುದು ನಿನಗೆ ಗೊತ್ತು. ಹೊಸ ಡಿಜಿಟಲ್ ಕ್ಯಾಮರಾಕ್ಕೆ ಅಡಾಪ್ಟರ್ ಎಂಬ ಲೋಹದ ಬಳೆ ತಿರುಗಿಸಿ ಹಾಕಿ, ಅದರ ಮೇಲೆ ಅವನ್ನು ಕೂರಿಸುತ್ತೇನೆ. ಹೊಸ ಲೆನ್ಸ್ ಮುಖದ ಕಲೆಗಳನ್ನೆಲ್ಲ ಕೋರ್ಟಿನಲ್ಲಿ ಸಾಕ್ಷಿ ಹೇಳಿದ ಹಾಗೆ ಹೇಳಿಬಿಡುತ್ತದೆ. ಅಪ್ಪನದು ಸ್ವಲ್ಪ ದಾಕ್ಷಿಣ್ಯದ್ದು, ಗಿರಾಕಿಗಳು ಅದಕ್ಕೇ ಬರುತ್ತಾರೆ. ಆದರೆ ಅದರಲ್ಲಿ ಫೋಕಸ್ ತಾನಾಗಿ ಆಗುವುದಿಲ್ಲ. ಎದುರು ಕೂತವರ ಕಣ್ಣನ್ನು ಪರದೆಯ ಮೇಲೆ ಹತ್ತು ಪಟ್ಟು ದೊಡ್ಡದು ಮಾಡಿ, ಲೆನ್ಸಿನ ಉಂಗುರವನ್ನು ಕೂದಲೆಳೆಯಷ್ಟು ತಿರುಗಿಸಿ, ರೆಪ್ಪೆ ಚೂಪಾದ ಕ್ಷಣಕ್ಕೆ ಬಟನ್ ಒತ್ತಬೇಕು.

ಕಳೆದ ತಿಂಗಳು ನಿವೃತ್ತರಾಗುತ್ತಿದ್ದ ಬಸ್ ಡ್ರೈವರ್ ಒಬ್ಬರು ಸಮವಸ್ತ್ರದಲ್ಲಿ ಒಂದು ಫೋಟೋ ಬೇಕೆಂದು ಬಂದರು. ಜೊತೆಗೆ ಹೆಂಡತಿ. ಡ್ರೈವರನ್ನು ಸ್ಟೂಲಿನ ಮೇಲೆ ಕೂರಿಸಿ ಕಣ್ಣನ್ನು ದೊಡ್ಡದು ಮಾಡಿದೆ. ರೆಪ್ಪೆ ನಿಲ್ಲಲಿಲ್ಲ. ಎಡಕ್ಕೆ ಹಾರಿತು, ಬಲಕ್ಕೆ ಹಾರಿತು. ಅಪ್ಪ ಕಲಿಸಿದ ಹಾಗೆ ಮೊಣಕೈಗಳನ್ನು ಪಕ್ಕೆಗೆ ಒತ್ತಿ ಉಸಿರು ಹಿಡಿದೆ. ಆದರೂ ಹಾರುತ್ತಲೇ ಇತ್ತು. ತೆಗೆದದ್ದನ್ನು ನೋಡಿದರೆ ಒಂದೊಂದು ಕಣ್ಣಿಗೂ ಎರಡೆರಡು ಅಂಚು.

"ಯಾಕಮ್ಮ ಹೀಗೆ ಬೆವರ್ತಾ ಇದೀರ? ಫ್ಯಾನ್ ಹಾಕ್ಕೊಳಿ, ನಮಗೇನೂ ಅರ್ಜೆಂಟಿಲ್ಲ" ಎಂದರು ಡ್ರೈವರ್.

ಬ್ಯಾಟರಿ ಕೆಟ್ಟಿದೆ, ಇನ್ನೊಂದು ದಿನ ಬನ್ನಿ ಎಂದು ಸುಳ್ಳು ಹೇಳಿ ಕಳಿಸಿದೆ. ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ನನ್ನ ಕೈಗಳನ್ನು ನೋಡುತ್ತಾ ಕೂತೆ. ಅಕ್ಕ, ಅಪ್ಪನಿಗೂ ಹೀಗೆಯೇ ಶುರುವಾಗಿದ್ದು. ಆಗ ಅವನಿಗೆ ನನಗೀಗ ಇರುವಷ್ಟೇ ವಯಸ್ಸು. ಮೊದಲು ಫಿಲ್ಮ್ ಸರಿಯಿಲ್ಲ ಎಂದ. ಆಮೇಲೆ ಸ್ಟ್ಯಾಂಡ್ ಇಲ್ಲದೆ ಕ್ಯಾಮರಾ ಮುಟ್ಟುವುದನ್ನು ಬಿಟ್ಟ. ಆಮೇಲೆ ಸಹಿ ಹೋಯಿತು, ಅಂಗಿಯ ಗುಂಡಿ ಹೋಯಿತು, ಕೊನೆಗೆ ಅಮ್ಮನೇ ತುತ್ತು ಬಾಯಿಗಿಡಬೇಕಾಯಿತು. "ಇದು ರಕ್ತದಲ್ಲೇ ಬರೋದು, ಮಕ್ಕಳಲ್ಲೂ ಯಾರಿಗಾದ್ರೂ ಬರಬಹುದು" ಎಂದು ಅವನ ಡಾಕ್ಟರ್ ಹೇಳಿದಾಗ ನಾವಿಬ್ಬರೂ ಬಾಗಿಲ ಬಳಿ ನಿಂತಿದ್ದೆವು. ನೀನು ನನ್ನ ಕಡೆ ನೋಡಲಿಲ್ಲ, ನಾನು ನಿನ್ನ ಕಡೆ ನೋಡಲಿಲ್ಲ.

ಆಮೇಲಿನ ದಿನಗಳನ್ನು ಹೇಗೆ ಕಳೆದೆನೋ ನನಗೇ ಗೊತ್ತಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಕೈ ಚಾಚಿ ಬೆರಳುಗಳ ಮೇಲೆ ಕಾಗದ ಇಟ್ಟುಕೊಂಡು ನೋಡುವುದು. ನಡುಗುತ್ತದೆಯೇ ಎಂದು ಹಾಗೆ ದಿಟ್ಟಿಸಿದರೆ ಯಾರ ಕೈ ತಾನೇ ನಡುಗುವುದಿಲ್ಲ? ಗಿರಾಕಿಗಳ ಎದುರು ಕೈಕಟ್ಟಿ ನಿಲ್ಲತೊಡಗಿದೆ. ಬಂದ ಕೆಲಸಗಳನ್ನೆಲ್ಲ ಏನೇನೋ ನೆಪ ಹೇಳಿ ಮುಂದೂಡಿದೆ. ಡಾಕ್ಟರ ಹತ್ತಿರ ಹೋಗಲಿಲ್ಲ. ಹೋದರೆ ತಾನೇ ಅದಕ್ಕೊಂದು ಹೆಸರು ಬರುವುದು. ಮನೆಯಲ್ಲಿ ಇವರು ಎರಡು ಸಲ ಏನಾಗಿದೆ ನಿನಗೆ ಎಂದು ಕೇಳಿದರು, ಎರಡು ಸಲವೂ ತಲೆನೋವು ಎಂದೆ. ಅಮ್ಮನಿಂದ ಮುಚ್ಚಿಡುವುದೇ ಕಷ್ಟವಾಗಿತ್ತು. ಒಂದು ಸಂಜೆ "ಟೀ ಲೋಟ ಯಾಕೆ ಎರಡು ಕೈಲಿ ಹಿಡ್ಕೊಂಡಿದೀಯ?" ಎಂದಳು. ಚಳಿ ಎಂದೆ. ಕಿಟಕಿಗಳೆಲ್ಲ ತೆರೆದಿದ್ದವು, ಅವಳು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

ಹೋದ ವಾರ ಅಮ್ಮ ಮೆಟ್ಟಿಲಿಳಿದು ಸ್ಟುಡಿಯೋಗೆ ಬಂದಳು. ನಾನು ಕ್ಯಾಮರಾ ಹಿಡಿದು ಗೋಡೆಗಡಿಯಾರವನ್ನು ನೋಡುತ್ತಾ, ನಿಲ್ಲಿಸಲಾಗದೆ ಒದ್ದಾಡುತ್ತಿದ್ದೆ.

"ಅದೇನ್ ನೋಡ್ತೀಯ ಅಷ್ಟು ಹೊತ್ತು? ಇತ್ತ ಕೊಡು" ಎಂದು ಕಸಿದುಕೊಂಡೇಬಿಟ್ಟಳು. ಕಣ್ಣಿಗಿಟ್ಟುಕೊಂಡು, "ಇದೇನೇ, ಗಡಿಯಾರನ ತೊಟ್ಟಿಲಲ್ಲಿ ಹಾಕಿ ತೂಗಿದ ಹಾಗಿದೆ?" ಎಂದಳು.

ಅಮ್ಮನ ಕೈ ನಿನಗೆ ಗೊತ್ತಲ್ಲ. ಈಗಲೂ ಒಂದೇ ಸಲಕ್ಕೆ ಸೂಜಿಗೆ ದಾರ ಪೋಣಿಸುವವಳು. ಅವಳ ಕೈಯಲ್ಲೂ ಗಡಿಯಾರ ತೂಗುತ್ತದೆಯೆಂದರೆ ತಪ್ಪು ಕೈಯದ್ದಲ್ಲ. ನಾನು ಕ್ಯಾಮರಾ ಇಸಿದುಕೊಂಡು ಒಳಗಿನ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ತೆರೆದೆ, ಸಿಕ್ಕಿತು. ಈ ಕ್ಯಾಮರಾಗಳ ಹೊಟ್ಟೆಯಲ್ಲಿ ಕೈಯ ಅಲುಗಾಟವನ್ನು ಸರಿದೂಗಿಸುವ ಒಂದು ಯಂತ್ರವಿದೆ. ಕೈ ಎಡಕ್ಕೆ ಅಲುಗಿದರೆ ಅದು ಬಲಕ್ಕೆ ತಳ್ಳುತ್ತದೆ. ಎಷ್ಟು ತಳ್ಳಬೇಕೆಂದು ಹೊಸ ಲೆನ್ಸ್‌ಗಳು ತಾವೇ ಹೇಳುತ್ತವೆ. ಅಪ್ಪನವು ಮೂಕ ಲೆನ್ಸ್‌ಗಳು, ಹಾಕಿರುವುದು ಐವತ್ತು ಮಿಲಿಮೀಟರಿನದೋ ನೂರ ಮೂವತ್ತೈದರದೋ ಎಂದು ನಾವೇ ಸಂಖ್ಯೆ ತುಂಬಬೇಕು. ಸೆಪ್ಟೆಂಬರ್ ಆರಂಭದಲ್ಲಿ ಶಾಲೆಯೊಂದರ ಆಟದ ದಿನಕ್ಕೆ ಹೋದಾಗ ದೂರದ ನೂರ ಮೂವತ್ತೈದನ್ನು ಹಾಕಿ ಸಂಖ್ಯೆ ಬದಲಿಸಿದ್ದೆ. ವಾಪಸು ಬಂದು ಐವತ್ತನ್ನು ಹಾಕಿದೆ, ಸಂಖ್ಯೆ ಬದಲಿಸಲು ಮರೆತೆ. ನನ್ನ ಕೈ ಚೂರು ಅಲುಗಿದರೆ ಯಂತ್ರ ಅದರ ಎರಡು ಮೂರು ಪಟ್ಟು ತಳ್ಳುತ್ತಿತ್ತು. ಅಷ್ಟೇ ಆಗಿದ್ದು.

ಸಂಖ್ಯೆ ಸರಿ ಮಾಡಿ ನೋಡಿದೆ. ಗಡಿಯಾರ ಗೋಡೆಯ ಮೇಲೆ ಗೋಡೆಯ ಹಾಗೆಯೇ ನಿಂತಿತ್ತು. ನಾನು ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅಮ್ಮ ಪಕ್ಕದಲ್ಲಿ ಬಂದು ಕೂತಳು. ತಲೆ ಸವರುತ್ತಾ, "ನಿನ್ನ ಕೈಗೆ ಏನೂ ಆಗಿಲ್ಲ ಬಿಡು. ಒಂದು ತಿಂಗಳಿಂದ ಕದ್ದು ನೋಡ್ತಾನೇ ಇದೀನಿ. ಉಪ್ಪಿನ ಡಬ್ಬಿ ಬೇಕಂತಲೇ ನಿನ್ನ ಕೈಲೇ ತರಿಸ್ತಿದ್ದೆ" ಎಂದಳು. ನಾನು ಅವಳಿಂದ ಮುಚ್ಚಿಡುತ್ತಿದ್ದೇನೆ ಅಂದುಕೊಂಡಿದ್ದಷ್ಟೇ ಬಂತು.

ಡ್ರೈವರನ್ನು ಮತ್ತೆ ಕರೆಸಿ ಫೋಟೋ ತೆಗೆದುಕೊಟ್ಟೆ. ಚೆನ್ನಾಗಿ ಬಂದಿದೆ. ಬ್ಯಾಟರಿ ಒಳ್ಳೇದು ಸಿಕ್ತಾ ಎಂದು ಕೇಳಿದರು ಪಾಪ. ಈ ಪತ್ರವನ್ನು ಕೈಯಲ್ಲೇ ಬರೆದಿದ್ದೇನೆ. ಸಾಲು ನೆಟ್ಟಗಿದೆಯೋ ಇಲ್ಲವೋ ನೋಡಿ ನೀನೇ ಹೇಳು.

ಭಾವನಿಗೆ ನಮಸ್ಕಾರ ತಿಳಿಸು, ಮಕ್ಕಳಿಗೆ ನನ್ನ ಮುತ್ತು. ನಿಮ್ಮೆಲ್ಲರಿಗೂ ಅಮ್ಮ ಆಶೀರ್ವಾದ ಹೇಳಿದ್ದಾಳೆ. ನೂರು ಕಾಲ ಸುಖವಾಗಿರಿ, ಹೊತ್ತು ಹೊತ್ತಿಗೆ ಊಟ ಮಾಡಿ ಎಂದೂ ಬರೆಯಲು ಹೇಳಿದಳು.

ಇತಿ ನಿನ್ನ,
ಪುಟ್ಟಿ

ತಾ.ಕ.: ಇಲ್ಲಿಯವರೆಗಿನದ್ದನ್ನು ಅಮ್ಮನಿಗೆ ಓದಿ ಹೇಳಿದೆ. ಇದನ್ನು ಅವಳು ಒಳಗೆ ಹೋದ ಮೇಲೆ ಸೇರಿಸುತ್ತಿದ್ದೇನೆ.

ತಪ್ಪು ಗೊತ್ತಾದ ಮೇಲೆ ಕೆಟ್ಟ ಫೋಟೋಗಳನ್ನು ಬೇರೆ ಮಾಡಲು ಕೂತೆ. ಶಾಲೆಗೆ ಹೋಗಿ ಬಂದ ಮೇಲಿನವು ಅಲುಗಿವೆ, ಅದಕ್ಕೆ ಮುಂಚಿನವೆಲ್ಲ ಸರಿ ಇವೆ. ಆಗಸ್ಟಿನಲ್ಲಿ ನೀನು ಬಂದಿದ್ದಾಗ ತೆಗೆದವುಗಳಲ್ಲಿ ಕೆಲವನ್ನು ಬಿಟ್ಟು. ನಾನು ತೆಗೆದ ನಿನ್ನ ಫೋಟೋಗಳು ಚೆನ್ನಾಗಿವೆ. ನೀನು ತೆಗೆದ ನನ್ನವು ಒಂದೂ ನಿಂತಿಲ್ಲ. ಅದೇ ಕಿಟಕಿ, ಅದೇ ಬೆಳಕು, ಅದೇ ಲೆನ್ಸ್. ಆಗ ಸಂಖ್ಯೆಯೂ ಸರಿಯಿತ್ತು. ಕೊನೆಯಲ್ಲಿ ನೀನು ತೆಗೆದ ಸಣ್ಣ ವಿಡಿಯೋ ಒಂದಿದೆ. ನಾನು ನಗುತ್ತಾ ಏನೋ ಹರಟುತ್ತಿದ್ದೇನೆ. ಆ ಮಾತಿನ ಹಿಂದೆ, ಕುತ್ತಿಗೆಗೆ ಹಾಕುವ ಪಟ್ಟಿಯ ಲೋಹದ ಕೊಂಡಿ ಕ್ಯಾಮರಾಕ್ಕೆ ಬಡಿಯುವ ಸದ್ದು ಟಿಕ್ ಟಿಕ್ ಎಂದು ಒಂದೇ ಸಮನೆ ಕೇಳುತ್ತದೆ. "ನಿನ್ನ ಹಳೇ ಲೆನ್ಸು ನಂಗಾಗಲ್ಲ ಕಣೇ" ಎಂದು ನೀನು ಅದನ್ನು ಮೇಜಿನ ಮೇಲಿಟ್ಟೆ. ನಿನ್ನ ಎರಡೂ ಕೈಗಳನ್ನು ಜೇಬಿಗೆ ಹಾಕಿಕೊಂಡೆ. ಅಮ್ಮ ಊಟಕ್ಕೆ ಕರೆದರೆ ನೀನು ಹಸಿವಿಲ್ಲ ಎಂದೆ.

ನೀನು ದಿನವೂ ಇನ್ನೊಬ್ಬರ ಬಾಯಲ್ಲಿ ಸೂಜಿ ಇಳಿಸುವವಳು. ನಿನಗೆ ಯಾವಾಗಿನಿಂದ ಗೊತ್ತು, ಅಕ್ಕ?