ನಿನ್ನ ಹೆಸರಿಗೆ ಬಿದ್ದ ಹಾಲು

ತಾಯಮ್ಮಕ್ಕನಿಗೆ,

ಬೇಲಿ ದಾಟಿದರೆ ನಿನ್ನ ಮನೆ. ಆದರೂ ಕಾಗದ ಬರೆಯುತ್ತಿದ್ದೇನೆ, ನಿನ್ನ ಮುಖ ನೋಡಿ ಮಾತಾಡುವ ಯೋಗ್ಯತೆ ನನಗೆ ಉಳಿದಿಲ್ಲ. ಬೆಳಿಗ್ಗೆ ನೀನು ಅಂಗಳಕ್ಕೆ ನೀರು ಹಾಕುವುದು ಕಂಡರೆ ಹಿತ್ತಲಿನಿಂದ ರಸ್ತೆಗೆ ಇಳಿಯುತ್ತೇನೆ. ಇಂಥ ಜಂಬದವನಿಗೆ ಈ ಗತಿ ಬಂತಲ್ಲ ಎಂದು ನೀನು ನಕ್ಕರೂ ತಪ್ಪಿಲ್ಲ.

ಹಾಲಿನ ಡೇರಿಯ ಚುನಾವಣೆಯಲ್ಲಿ ನಿನ್ನೆದುರು ಸೋತ ದಿನವೇ ನಾನು ಸುಮ್ಮನಾಗಬೇಕಿತ್ತು. ಹೊಂಗಡಹಳ್ಳದ ಎಸ್ಟೇಟಿನಲ್ಲಿ ರೈಟರ್ ಆಗಿ ಆಳುಗಳ ಹಾಜರಿ ಹಿಡಿದು ಮೆರೆದವನು ಒಂದು ಹಸು ಕಟ್ಟಿಕೊಂಡ ಹೆಂಗಸಿನೆದುರು ಸೋಲುವುದೇ ಎಂದು ಹೊಟ್ಟೆ ಉರಿಯಿತು. ವರ್ಷದಲ್ಲಿ ಅರ್ಧದಷ್ಟು ದಿನವಾದರೂ ಸ್ವಂತ ಹಾಲು ಹಾಕದವರು ಚುನಾವಣೆಗೆ ನಿಲ್ಲುವಂತಿಲ್ಲ ಎಂಬ ನಿಯಮ ಹಿಡಿದುಕೊಂಡೆ. ನಿನ್ನ ಹಸು ಬತ್ತಿದ್ದು ಊರಿಗೇ ಗೊತ್ತಿತ್ತು. ಆದರೂ ಡೇರಿಯಲ್ಲಿ ನಿನ್ನ ಹೆಸರಿಗೆ ಹಾಲು ಬೀಳುತ್ತಲೇ ಇತ್ತು. ಯಾರದೋ ಹಾಲು ಹಾಕಿಸಿಕೊಂಡು ಗೆದ್ದಿದ್ದಾಳೆ ಎಂದು ತಕರಾರು ಅರ್ಜಿ ಹಾಕಿದೆ.

ವಿಚಾರಣೆಯ ದಿನ ನನ್ನ ವಕೀಲ ಪ್ರತಾಪ್, "ಅದು ಯಾರ ಮನೆ ಹಾಲು, ಹೇಳಿ" ಎಂದು ನಿನ್ನನ್ನು ಮತ್ತೆ ಮತ್ತೆ ಕೇಳಿದರು. ನೀನು ಒಮ್ಮೆ ನನ್ನ ಕಡೆ ನೋಡಿ, ಸೆರಗಿನ ತುದಿ ಹಿಡಿದು ತಲೆ ತಗ್ಗಿಸಿದೆ. ಬಾಯಿ ಬಿಡಲಿಲ್ಲ. ಕಳ್ಳಿ ಸಿಕ್ಕಿಬಿದ್ದಳು ಎಂದು ಆ ಸಂಜೆ ಊರ ಹೋಟೆಲಿನಲ್ಲಿ ಎಲ್ಲರೆದುರು ಕೊಚ್ಚಿಕೊಂಡೆ. ಆ ಮಾತು ನಿನ್ನ ಕಿವಿಗೂ ಬಿದ್ದಿರುತ್ತದೆ ಅಕ್ಕ.

ಹಾಲು ಬೇರೆಯವರದು ಎನ್ನಲು ಸಾಕ್ಷಿಯಿಲ್ಲವೆಂದು ನ್ಯಾಯಮಂಡಳಿ ಅರ್ಜಿ ವಜಾ ಮಾಡಿತು. ನಾನು ಬಿಟ್ಟೆನೇ? ಹೈಕೋರ್ಟಿಗೆ ಮೇಲ್ಮನವಿ ಹಾಕೋಣ ಎಂದೆ. "ಹಾಲು ಹಾಕಿದೋರನ್ನ ಕರ್ಕೊಂಡು ಬನ್ನಿ, ಅವ್ರದ್ದೊಂದು ಅಫಿಡವಿಟ್ ಸಾಕು, ಗೆದ್ದಂಗೇ" ಎಂದರು ಪ್ರತಾಪ್.

ಮನೆಗೆ ಬಂದು, ಹೆಂಗಸರಲ್ಲಿ ವಿಚಾರಿಸಿ ಆ ಹಾಲು ಯಾರದೆಂದು ತಿಳಿದುಕೊಂಡು ಬಾ ಎಂದು ದಾಕ್ಷಾಯಿಣಿಗೆ ಹೇಳಿದೆ. ನನ್ನ ಹೆಂಡತಿ ಕ್ಯಾನ್ ಉಜ್ಜುವುದನ್ನು ನಿಲ್ಲಿಸಲೂ ಇಲ್ಲ.

"ಯಾರನ್ನೂ ಕೇಳೋದು ಬ್ಯಾಡ. ನಾನೇ ಕಣ್ರೀ ಹಾಕಿದ್ದು" ಎಂದಳು. "ನೀವು ಎಸ್ಟೇಟಲ್ಲಿದ್ದಾಗ ನಮ್ಮ ಹಸ ಬತ್ತೋಗಿತ್ತು. ಆವಾಗ ಡೇರೀಲಿ ನಿಮ್ಮ ಹೆಸರು ತಪ್ಪದಂಗೆ ಹಾಲು ಹಾಕಿದ್ದು ಯಾರು ಅಂದ್ಕೊಂಡಿದ್ದೀರಿ? ತಾಯಮ್ಮಕ್ಕ. ಹಸ ಬತ್ತಿದ ಮನೆ ಹೆಸರು ಉಳಿಸೋದು ನಮ್ಮೂರ ಹೆಂಗಸ್ರು ಮಾಡ್ಕೊಂಡು ಬಂದಿರೋದು. ನಿಮಗೆಲ್ಲಿ ಗೊತ್ತಾಯ್ತದೆ?"

ಇಷ್ಟು ದಿನ ಏಕೆ ಬಾಯಿ ಬಿಡಲಿಲ್ಲವೆಂದು ಗದರಿದೆ. "ಹೇಳ್ತೀನಿ ಅಂದೆ. ಅವ್ಳೇ ಆಣೆ ಹಾಕ್ಸಿದ್ಲು. ನನ್ ಸೀಟು ಹೋದ್ರೆ ಹೋಗ್ಲಿ, ನಿನ್ನ ಮನೇಲಿ ಜಗಳ ಬ್ಯಾಡ ಅಂದ್ಬುಟ್ಲು."

ಅಂದು ನೀನು ಒಂದು ಹೆಸರು ಹೇಳಿದ್ದರೆ ಎಲ್ಲರ ಮುಂದೆ ನಗೆಪಾಟಲಾಗುತ್ತಿದ್ದವನು ನಾನು. ನನ್ನ ಮನೆಯ ಮಾನ ಕಾಯಲು ನೀನು ಕಳ್ಳಿ ಅನ್ನಿಸಿಕೊಂಡೆ. ನಾಚಿಕೆಗೆ ಅನ್ನ ಸೇರುತ್ತಿಲ್ಲ. ಕಾಫಿಗೆ ಹಾಲು ಬೆರೆಸಿಕೊಳ್ಳಲೂ ಕೈ ಹಿಂಜರಿಯುತ್ತದೆ.

ಮೇಲ್ಮನವಿಗೆ ಸಹಿ ಹಾಕುವುದಿಲ್ಲವೆಂದು ಹೇಳಿಬಿಟ್ಟೆ. "ಗೆಲ್ಲೋ ಕೇಸು ಬಿಡ್ತೀರಲ್ಲ ಮಾರಾಯ್ರೆ" ಎಂದು ಪ್ರತಾಪ್ ಬೈದರು. ಹೋಟೆಲಿಗೂ ಹೋದೆ. ಅಂದು ಕೂತ ಬೆಂಚಿನಲ್ಲೇ ಕೂತು, ಆ ಹಾಲು ನನ್ನ ಮನೆಯದು ಎಂದು ಹೇಳಿದೆ. ಯಾರೂ ನಗಲಿಲ್ಲ. ಎಲ್ಲರೂ ತಟ್ಟೆ ನೋಡಿಕೊಂಡು ಕೂತರು. ಅವರಿಗೆಲ್ಲ ಮೊದಲೇ ಗೊತ್ತಿತ್ತು ಅಕ್ಕ.

ನಿನ್ನ ಹಸು ಮತ್ತೆ ಗಬ್ಬವಾಗಿದೆಯಂತೆ, ಇನ್ನು ಸ್ವಲ್ಪ ದಿನಕ್ಕೆ ಹಾಲು ಬತ್ತುತ್ತದೆ. ಆಗ ದಾಕ್ಷಾಯಿಣಿ ಬರುವುದಿಲ್ಲ. ಕ್ಯಾನ್ ಹಿಡಿದು ಡೇರಿಯ ಸಾಲಿನಲ್ಲಿ ನಾನೇ ನಿಲ್ಲುತ್ತೇನೆ. ಯಾರ ಹೆಸರಿಗೆ ಎಂದು ಕೇಳಿದಾಗ, ಎಲ್ಲರಿಗೂ ಕೇಳುವ ಹಾಗೆ ನಿನ್ನ ಹೆಸರು ಹೇಳುತ್ತೇನೆ.

ನಿನ್ನ ಕೊಟ್ಟಿಗೆ ಬರಿದಾಗದಿರಲಿ, ನಿನ್ನ ಅಧಿಕಾರ ಅವಧಿ ಪೂರ್ತಿ ನಡೆಯಲಿ. ತಮ್ಮ ಎಂದು ಮತ್ತೆ ಕರೆಯುವ ಮನಸ್ಸಾದಾಗ ಬೇಲಿಯಾಚೆಯಿಂದ ಒಂದು ಕೂಗು ಹಾಕು.

ತಲೆ ತಗ್ಗಿಸಿಕೊಂಡು ಕಾಯುತ್ತಿರುವ,
ಶಾಂತಮಲ್ಲಪ್ಪ