ಅಪ್ಪನ ಕೈಗೆ ಹೊಂದಿಸಿದ ಕೋಲು

ಮನೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೆ? ಹಡಗಿನವರಿಗೆಲ್ಲ ಬೇಯಿಸಿ ಹಾಕಿ ನೀನು ಮಾತ್ರ ನಿಂತುಕೊಂಡೇ ತಿನ್ನುತ್ತೀಯೆಂದು ಗೊತ್ತು; ಕೂತು ತಿನ್ನು. ನಾನು ಚೆನ್ನಾಗಿದ್ದೇನೆ. ಅಪ್ಪನ ಬಲಗೈ ನಡುಕ ನೀನು ಹೋಗುವಾಗ ಇದ್ದದ್ದಕ್ಕಿಂತ ಸ್ವಲ್ಪ ಹೆಚ್ಚೇ ಆಗಿದೆ.

ನೀನು ಕಳಿಸಿದ ಜಾಯ್‌ಸ್ಟಿಕ್, ಅದೇ ಆ ಕಂಪ್ಯೂಟರ್ ಆಟದ ಕೋಲು, ಬಂದು ತಿಂಗಳಾಯಿತು. ಮೂವತ್ತು ವರ್ಷ ಕ್ರೇನ್ ನಡೆಸಿದ ಅಪ್ಪ ಈಗ ಕಂಪ್ಯೂಟರಿನಲ್ಲಿ ವಿಮಾನ ಹಾರಿಸುತ್ತಾರೆ. ಮೊದಲ ದಿನ ವಿಮಾನ ಕುಡಿದವನ ಹಾಗೆ ತೂರಾಡಿತು. ಅವರು ಸ್ನಾನಕ್ಕೆ ಹೋದಾಗ ನಾನು ಸೆಟ್ಟಿಂಗ್ಸ್ ತೆಗೆದು ಕೂತೆ. ಅಂಗಡಿಗಳ ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿ ಮಾಡುವವಳಿಗೆ ಇದೇನು ಹೊಸದೇ? ಖಾಲಿ ತಟ್ಟೆ ಸೊನ್ನೆ ತೋರಿಸಬೇಕು, ಕೈಬಿಟ್ಟ ಕೋಲು ನಡುವಿಗೆ ಬರಬೇಕು, ಅಷ್ಟೇ. ಕೋಲನ್ನು ನಾಲ್ಕೂ ಮೂಲೆಗೆ ತಿರುಗಿಸಿ ಅದರ ಎಲ್ಲೆ ಗುರುತು ಮಾಡಿಸಿದೆ. ಎಡ-ಬಲದ ಆಕ್ಸಿಸ್, ಹಿಂದೆ-ಮುಂದಿನ ಆಕ್ಸಿಸ್ ಎರಡಕ್ಕೂ ನಡುವೆ ಡೆಡ್ ಝೋನ್ ಅಂತ ಒಂದಿಷ್ಟು ಜಾಗ ಬಿಟ್ಟೆ. ಅದರೊಳಗೆ ಕೈ ಎಷ್ಟು ನಡುಗಿದರೂ ವಿಮಾನಕ್ಕೆ ಗೊತ್ತಾಗುವುದಿಲ್ಲ. ಅಪ್ಪನ ಕೈಯನ್ನು ಕದ್ದು ನೋಡಿ ನೋಡಿ ಹತ್ತು ದಿನ ಆ ಜಾಗದ ಅಂಕಿ ತಿದ್ದಿದೆ.

ಹನ್ನೊಂದನೆಯ ದಿನ ವಿಮಾನ ನೀಟಾಗಿ ಇಳಿಯಿತು. ಅಪ್ಪ ಏನಂದರು ಗೊತ್ತೆ? "ನೋಡಿದ್ಯಾ, ನನ್ ಮಗ ಅಂಥಿಂಥ ಸಾಮಾನು ಕಳ್ಸಲ್ಲ!" ಪಕ್ಕದ ಮನೆಯ ಟೈಲರ್ ಮಾಮನನ್ನು ಕೂಗಿ ಕರೆದು ಕೂರಿಸಿಕೊಂಡು ಒಂದು ಗಂಟೆ ನಿನ್ನ ಗುಣಗಾನ. ನಾನು ಟೀ ಕೊಟ್ಟೆ. ಅಣ್ಣಾ, ಮೈಯೆಲ್ಲ ಉರಿದುಹೋಯಿತು. ಹೊತ್ತುಹೊತ್ತಿಗೆ ಮಾತ್ರೆ ಕೊಡುವವಳು ನಾನು, ಅಂಗಿಯ ಗುಂಡಿ ಹಾಕುವವಳು ನಾನು. ವರ್ಷಕ್ಕೊಂದು ಪಾರ್ಸೆಲ್ ಕಳಿಸುವ ನೀನು ಚಿನ್ನದಂಥ ಮಗ! ಚಿಕ್ಕಂದಿನಲ್ಲೂ ಹೀಗೇ. ನಿನ್ನನ್ನು ಕ್ರೇನಿನ ಕ್ಯಾಬಿನ್ನಿಗೆ ಹತ್ತಿಸಿಕೊಂಡು, ನನ್ನ ಕೈಗೆ ಊಟದ ಡಬ್ಬಿ ಕೊಟ್ಟು ಕೆಳಗೆ ನಿಲ್ಲಿಸುತ್ತಿದ್ದರು.

ಅದಕ್ಕೇ ಕಳೆದ ಭಾನುವಾರ ಒಂದು ನೀಚ ಕೆಲಸ ಮಾಡಿದೆ. ನನ್ನ ಅಂಕಿಗಳನ್ನೆಲ್ಲ ಅಳಿಸಿ, ಕೋಲನ್ನು ನೀನು ಕಳಿಸಿದ ಹಾಗೇ ಮಾಡಿಟ್ಟೆ. ನಿನ್ನ ಸಾಮಾನಿನ ಬಂಡವಾಳ ಬಯಲಾಗಲಿ ಅಂತ. ವಿಮಾನ ತೂರಾಡಿ ನೆಲಕ್ಕೆ ಬಡಿಯಿತು. ಅಪ್ಪ ಕೋಲನ್ನು ಬೈಯಲಿಲ್ಲ. ತಮ್ಮ ಕೈ ನೋಡಿಕೊಂಡರು. "ಅವ್ನು ಕಳ್ಸಿದ್ದು ಸರಿಯಾಗೇ ಇದೆ. ನನ್ ಕೈನೇ ಕೆಟ್ಟೋಯ್ತು" ಎಂದು ಆ ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ಕೂತುಬಿಟ್ಟರು. ಅವತ್ತು ಊಟವನ್ನೂ ಎಡಗೈಯಲ್ಲೇ ಮಾಡಿದರು.

ಅಂಕಿಗಳನ್ನು ಮತ್ತೆ ಹಾಕಿದ್ದೇನೆ. ಆದರೆ ಅವರು ಕೋಲಿನ ಮೇಲೆ ಟವೆಲ್ ಹೊದಿಸಿಟ್ಟಿದ್ದಾರೆ, ಮುಟ್ಟುವುದೇ ಇಲ್ಲ. ಸರಿಮಾಡಿದ್ದೇನೆ ಎಂದರೆ, "ಸಮಾಧಾನಕ್ಕೆ ಹೇಳ್ಬೇಡ" ಅನ್ನುತ್ತಾರೆ.

ಹುಷಾರಾಗಿರು, ಬಿಸಿಯೆಣ್ಣೆಯ ಹತ್ತಿರ ಅವಸರ ಮಾಡಬೇಡ. ಕೋಪದಷ್ಟೇ ಪ್ರೀತಿಯಿಂದ,

ನಿನ್ನ ತಂಗಿ,
ಸಿಡುಕಿ

ಮರೆತಿದ್ದೆ: ಬಂದರು ಮುಟ್ಟಿದ ಕೂಡಲೇ ಅಪ್ಪನಿಗೆ ಫೋನ್ ಮಾಡು. "ಭಾನುವಾರ ಕೆಟ್ಟಿದ್ದು ಜಾಯ್‌ಸ್ಟಿಕ್ಕು, ನಿಮ್ಮ ಕೈಯಲ್ಲ. ನಾನೇ ಇಲ್ಲಿಂದ ಇಂಟರ್ನೆಟ್ಟಿನಲ್ಲಿ ಸರಿಮಾಡಿದೆ" ಅಂತ ಹೇಳು. ನೀನು ಹೇಳಿದರೆ ನಂಬುತ್ತಾರೆ. ನನ್ನ ಮಾತೆತ್ತಬೇಡ. ಅವರು ಹೊಗಳಿದಷ್ಟೂ ಹೊಗಳಿಸಿಕೋ. ನಾನು ಪಕ್ಕದಲ್ಲೇ ನಿಂತು ಕೇಳುತ್ತಿರುತ್ತೇನೆ. ಹೊಟ್ಟೆ ಉರಿದರೆ ಉರಿಯಲಿ.